ಬೆಂಕಿಪೊಟ್ಟಣಕ್ಕೆ ಬೆಳ್ಳಿಹೂವಿನ ಅಂಗಿ

ಬೆಂಕಿಪೊಟ್ಟಣವೂ ಒಂದು ಲೇಖನಕ್ಕೆ ವಸ್ತುವಾಗಬಲ್ಲುದೇ ಎಂದು ಓದುಗರಲ್ಲಿ ಕೆಲವರು ಹುಬ್ಬೇರಿಸಬಹುದು. ಅಂಥವರು ತಮ್ಮ ದಿನದ ಮೊದಲ ಗಳಿಗೆಯನ್ನು ಒಮ್ಮೆ ನೆನೆಯಬೇಕೆಂದು ನಮ್ಮ ವಿನಂತಿ. ನಸುಕಿನ ನಾಲ್ಕಕ್ಕೆ ಹೋಟೆಲಿನ ಅಡಿಗೆಮನೆಯ ಬಾಗಿಲು ತೆರೆದ ಭಟ್ಟರ ಕೈ ತಡಕಾಡುವುದು ಇದನ್ನೇ. ಗಲ್ಲಾದ ಮೇಲಿನ ದೇವರ ಪಟಕ್ಕೆ ಊದುಬತ್ತಿ ಹಚ್ಚುವ ಯಜಮಾನರಿಗೆ ಬೇಕಾಗುವುದೂ ಇದೇ. ಒಲೆಗೆ ಕಿಡಿ ಹಾರಿಸುವ ಲೈಟರು ಬಂದು ಎಷ್ಟೋ ಕಾಲವಾಯಿತು, ನಿಜ. ಆದರೆ ಅದು ಕೈಕೊಟ್ಟ ದಿನ ಮಾನ ಉಳಿಸುವುದು ಕಡ್ಡಿಯೇ.

ಇಷ್ಟು ಉಪಕಾರಿಯಾದ ವಸ್ತುವಿಗೆ ನಮ್ಮ ಮನೆಗಳಲ್ಲಿ ಒಂದು ನೆಲೆ ಉಂಟೆ? ಇಂದು ಕಿಟಕಿಯ ಕಟ್ಟೆ, ನಾಳೆ ಸಿಲಿಂಡರಿನ ತಲೆ, ನಾಡಿದ್ದು ನೀರಿನ ಕೊಡದ ಮಗ್ಗುಲು. ಹೀಗೆ ಅದು ಅಲೆಯುತ್ತದೆ. ಬೇಕಾದಾಗ ಸಿಕ್ಕುವುದಿಲ್ಲ, ಸಿಕ್ಕಾಗ ತೇವ ಕುಡಿದಿರುತ್ತದೆ. ಆದರೆ ಒಂದು ಕಾಲಕ್ಕೆ ಅದಕ್ಕೂ ನೆಲೆಯಿತ್ತು. ನೆಲೆ ಮಾತ್ರವಲ್ಲ, ತೊಡಲು ಬೆಳ್ಳಿಹೂವಿನ ಅಂಗಿಯೂ ಇತ್ತು. ಈ ಸಂಗತಿಯನ್ನು ನಮ್ಮ ಗಮನಕ್ಕೆ ತಂದದ್ದು ಕುಷಾಯಿಗೂಡದ ಒಂದು ಬಾಡಿಗೆಯ ಮನೆ.

ತಕ್ಕಡಿಯ ಅಂಚಿನಲ್ಲಿ

ಕುಷಾಯಿಗೂಡವು ಹೈದರಾಬಾದಿನ ಈಶಾನ್ಯ ಭಾಗದಲ್ಲಿರುವ ದುಡಿಯುವ ಜನರ ಬಡಾವಣೆ. 1967ರಲ್ಲಿ ಸ್ಥಾಪಿತವಾದ ಇ.ಸಿ.ಐ.ಎಲ್. ಕಾರ್ಖಾನೆ ಒಂದು ಕಡೆಗೆ, ಚರ್ಲಪಲ್ಲಿಯ ಕೈಗಾರಿಕಾ ಪ್ರದೇಶ ಇನ್ನೊಂದು ಕಡೆಗೆ. ಬೇರೆ ಬೇರೆ ಊರುಗಳಿಂದ ಬಂದು ಇಲ್ಲಿ ನೆಲಸಿದವರ ನಡುವೆ ನಮ್ಮ ಕನ್ನಡಿಗರೂ ಇದ್ದಾರೆ. ನಾವು ಹೇಳಹೊರಟ ಕುಟುಂಬದ ಹಿರಿಯರು ಬೀದರ ಸೀಮೆಯವರು. ಮನೆಯ ಯಜಮಾನರು ಒಂದು ಕಚೇರಿಯಲ್ಲಿ ಗುಮಾಸ್ತರು. ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಬೇಡದ ಸಾಮಾನನ್ನೆಲ್ಲ ಒಟ್ಟುಗೂಡಿಸಿ ಗುಜರಿಯವನ ಮುಂದೆ ಇಟ್ಟಿದ್ದರು. ಪರಿಚಯದ ಮೇರೆಗೆ ಅಂದು ಅಲ್ಲಿಗೆ ಹೋಗಿದ್ದ ನಮ್ಮ ಕಣ್ಣಿಗೆ, ಒಡೆದ ಕುಕ್ಕರು ಮತ್ತು ತುಕ್ಕು ಹಿಡಿದ ಟ್ರಂಕಿನ ನಡುವೆ, ಕರ್ರನೆಯ ಒಂದು ಪುಟ್ಟ ವಸ್ತು ಬಿದ್ದಿತು.

ಅರ್ಧ ಅಂಗೈಯಷ್ಟು ದೊಡ್ಡದು. ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ತೂಕ. ಧೂಳನ್ನು ಒರೆಸಿದಾಗ ಕಪ್ಪಿನ ಮೇಲೆ ಬೆಳ್ಳಿಯ ಬಳ್ಳಿಯೊಂದು ಸುತ್ತಿ ಬಂದು ಐದೆಸಳಿನ ಹೂವಾಗಿ ಅರಳಿದ್ದುದು ಕಂಡಿತು.

“ಮುತ್ಯಾನ ಕಾಲದ್ದು ಐತ್ರಿ. ವಿಭೂತಿ ಇಡೋ ಡಬ್ಬಿ ಇರಬೇಕು” ಎಂದರು ಮನೆಯಾಕೆ.

ಆದರೆ ಅದರ ಎರಡು ತುದಿಗಳೂ ತೆರೆದಿದ್ದವು. ವಿಭೂತಿ ಇಟ್ಟರೆ ಒಂದು ಕಡೆಯಿಂದ ಹಾಕಿದ್ದು ಮತ್ತೊಂದು ಕಡೆಯಿಂದ ಸುರಿದುಹೋಗಬೇಕು. ಸಾಲದುದಕ್ಕೆ ಒಂದು ಪಕ್ಕದಲ್ಲಿ ಉದ್ದಕ್ಕೂ ಕಿಂಡಿಯೊಂದನ್ನು ಕೊರೆದಿದ್ದರು. ನಾವು ಅದನ್ನು ಹೀಗೆ ಹಾಗೆ ತಿರುಗಿಸುತ್ತಿರಲು, ಮನೆಯ ಹುಡುಗನು ಒಳಗೆ ಓಡಿ ಬೆಂಕಿಪೊಟ್ಟಣವನ್ನು ತಂದು ಅದರೊಳಗೆ ತಳ್ಳಿದನು. ಅಳತೆ ತೆಗೆದು ಹೊಲಿದ ಅಂಗಿಯಂತೆ ಅದು ಕೂತಿತು. ಕಡ್ಡಿ ಗೀರುವ ಕಂದು ಪಟ್ಟಿ ಸರಿಯಾಗಿ ಆ ಕಿಂಡಿಯಲ್ಲಿ ಇಣುಕಿತು. ಗುಜರಿಯವನು ತಕ್ಕಡಿಯನ್ನು ಎತ್ತಿದ್ದವನು ಕೆಳಗಿಟ್ಟನು.

ಭಯದಿಂದ ಹುಟ್ಟಿದ ವಸ್ತು

ಬೆಂಕಿಪೊಟ್ಟಣಕ್ಕೆ ಕವಚವೇಕೆ? ಶ್ರೀಮಂತರ ಶೋಕಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಇದರ ಮೂಲಪುರುಷನು ಶೋಕಿಯಲ್ಲ, ಭಯ.

ಚಕಮಕಿ ಕಲ್ಲಿನ ಕಾಲವನ್ನು ಹಿಂದಿಕ್ಕಿ, ಗೀರಿದರೆ ಹೊತ್ತುವ ಕಡ್ಡಿಯನ್ನು 1826ರಲ್ಲಿ ಕಂಡುಹಿಡಿದವನು ಇಂಗ್ಲೆಂಡಿನ ಸ್ಟಾಕ್‌ಟನ್ ಊರಿನ ಔಷಧ ವ್ಯಾಪಾರಿ ಜಾನ್ ವಾಕರ್. ಮರುವರ್ಷ ಅದು ಆತನ ಅಂಗಡಿಯಲ್ಲಿ ಮಾರಾಟಕ್ಕೆ ಬಂತು. 1830ರ ದಶಕದಲ್ಲಿ ಕಡ್ಡಿಯ ತಲೆಗೆ ಬಿಳಿ ರಂಜಕವನ್ನು ಸೇರಿಸುವ ಪದ್ಧತಿ ಬಳಕೆಗೆ ಬಂದಿತು. ಈ ಕಡ್ಡಿ ಗೋಡೆಗೆ ಗೀರಿದರೂ ಹೊತ್ತುವುದು, ಬೂಟಿನ ಅಟ್ಟೆಗೆ ಗೀರಿದರೂ ಹೊತ್ತುವುದು. ಗೀರದಿದ್ದರೂ ಹೊತ್ತುವುದು ಎಂಬುದೇ ತೊಡಕು! ಜೇಬಿನಲ್ಲಿ ಒಂದಕ್ಕೊಂದು ಉಜ್ಜಿದರೆ ಸಾಕು, ನೆಲದ ಮೇಲೆ ಬಿದ್ದುದನ್ನು ಯಾರಾದರೂ ತುಳಿದರೆ ಸಾಕು. ಇಂಥ ಕಡ್ಡಿಗಳನ್ನು ಕಾಗದದ ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತೆಯಿಂದ ನಿದ್ರಿಸುವುದು ಹೇಗೆ?

ಆದುದರಿಂದ ಬೆಂಕಿ ತಗಲದ ಪಾತ್ರೆ ಅಗತ್ಯವಾಯಿತು. ಅಡಿಗೆಮನೆಯ ಗೋಡೆಗೆ ಎರಕದ ಕಬ್ಬಿಣದ ಗೂಡುಗಳು ಬಂದವು. ಮೇಜಿನ ಮೇಲೆ ಪಿಂಗಾಣಿಯ ಬಟ್ಟಲುಗಳು ಬಂದವು. ಜೇಬಿಗೆ ಹಿತ್ತಾಳೆಯ, ಬೆಳ್ಳಿಯ ಚಿಕ್ಕ ಡಬ್ಬಿಗಳು ಬಂದವು; ಇವುಗಳಿಗೆ ರೋಮನ್ನರ ಒಲೆಯ ದೇವತೆಯಾದ ವೆಸ್ತಾಳ ಹೆಸರೇ ಅಂಟಿಕೊಂಡಿತು. ದಿನವೂ ಕಣ್ಣಿಗೆ ಬೀಳುವ ವಸ್ತು ಅಂದವಾಗಿಯೂ ಇರಲಿ ಎಂದು ಕುಶಲಕರ್ಮಿಗಳು ಅದಕ್ಕೆ ಹೂವನ್ನು, ಹಕ್ಕಿಯನ್ನು, ನಾಯಿಯ ಮುಖವನ್ನು ಕೂಡಿಸಿದರು.

ಎರಡನೆಯ ಅಧ್ಯಾಯವನ್ನು ಬರೆದವರು ಸ್ವೀಡನ್ನಿನವರು. ಗುಸ್ತಾಫ್ ಎರಿಕ್ ಪಾಶ್ ಎಂಬ ವಿಜ್ಞಾನಿ 1844ರಲ್ಲಿ ಅಪಾಯವಿಲ್ಲದ ಕಡ್ಡಿಯ ತತ್ತ್ವವನ್ನು ಕಂಡುಕೊಂಡನು. ಯೊನ್‌ಶೆಪಿಂಗ್ ಎಂಬ ಊರಿನ ಲುಂಡ್‌ಸ್ಟ್ರೋಮ್ ಸೋದರರು ಅದನ್ನು ತಿದ್ದಿ ಬೆಳೆಸಿ, 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಪದಕವನ್ನು ಪಡೆದರು. ಅವರ ಉಪಾಯ ಸರಳ. ಉರಿಯುವ ಮದ್ದನ್ನು ಕಡ್ಡಿಯ ತಲೆಯಲ್ಲಿ ಉಳಿಸಿ, ರಂಜಕವನ್ನು ಮಾತ್ರ ಅಲ್ಲಿಂದ ತೆಗೆದು ಪೊಟ್ಟಣದ ಪಕ್ಕದ ಪಟ್ಟಿಗೆ ಬಳಿದರು. ಅದೂ ವಿಷಕಾರಿಯಾದ ಬಿಳಿಯದಲ್ಲ, ಸೌಮ್ಯವಾದ ಕೆಂಪು ರಂಜಕ. ಒಂದೇ ಕೈಯಿಂದ ಚಪ್ಪಾಳೆ ಆಗದೆಂಬ ನಮ್ಮ ಗಾದೆಯಂತೆ, ಕಡ್ಡಿಯೂ ಪಟ್ಟಿಯೂ ಕೂಡದೆ ಬೆಂಕಿ ಹುಟ್ಟದಾಯಿತು. ಇಂದು ನಾವು ಬಳಸುವುದು ಈ ಕಡ್ಡಿಯನ್ನೇ.

ಈ ಬದಲಾವಣೆ ಕಡ್ಡಿಯ ಪಾತ್ರೆಗಳ ಮೈಮೇಲೆ ಬರೆದಿಟ್ಟಂತಿದೆ. ಹಳೆಯ ವಸ್ತು ಕೈಗೆ ಸಿಕ್ಕಿದಾಗ ಓದುಗರು ಇದನ್ನು ಪರೀಕ್ಷಿಸಬಹುದು. ಬಟ್ಟಲಿನ ಅಥವಾ ಡಬ್ಬಿಯ ಮೈಯಲ್ಲೇ ಗೀರಲು ಒರಟು ಗೆರೆಗಳಿದ್ದರೆ, ಅದು ಎಲ್ಲಿ ಗೀರಿದರಲ್ಲಿ ಹೊತ್ತುವ ಕಡ್ಡಿಗಾಗಿ ಮಾಡಿದ್ದು. ಗೆರೆಗಳಿಲ್ಲದೆ, ಪೊಟ್ಟಣವೇ ಒಳಗೆ ಕೂರುವಂತಿದ್ದು ಪಕ್ಕದಲ್ಲಿ ಕಿಂಡಿಯಿದ್ದರೆ, ಅದು ಪಟ್ಟಿಗೆ ಗೀರುವ ಕಡ್ಡಿಯ ಕಾಲದ್ದು. ಕುಷಾಯಿಗೂಡದ ಮುತ್ಯಾನ ಡಬ್ಬಿ ಈ ಎರಡನೆಯ ಜಾತಿಯದು. ಭಯ ತೀರಿದ ಮೇಲೂ ಅಂಗಿ ಉಳಿಯಿತು. ಪೊಟ್ಟಣದ ಕಾಗದ ಜಜ್ಜಿಹೋಗದಂತೆ ಕಾಯುವುದೂ ಮನೆಗೆ ಬಂದವರೆದುರು ಮರ್ಯಾದೆಯಿಂದ ಕೂರುವುದೂ ಅದರ ಹೊಸ ಉದ್ಯೋಗವಾಯಿತು.

ಕೋಟೆಯ ಮಣ್ಣು ಕೊಟ್ಟ ಕಪ್ಪು

ಇನ್ನು ಆ ಕಪ್ಪು ಬಣ್ಣದ ಮಾತು. ಬೀದರ ಸೀಮೆಯವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಬಿದ್ರಿ ಎಂಬ ಹೆಸರೇ ಆ ಊರಿನಿಂದ ಬಂದುದು. ಬಹಮನಿ ಸುಲ್ತಾನರ ರಾಜಧಾನಿ ಹದಿನೈದನೆಯ ಶತಮಾನದಲ್ಲಿ ಕಲಬುರ್ಗಿಯಿಂದ ಬೀದರಿಗೆ ಬಂದ ಬಳಿಕ, ಪರ್ಷಿಯಾದ ಕಡೆಯ ಕುಶಲಕರ್ಮಿಗಳ ಜೊತೆಗೆ ಈ ಕಲೆ ನಮ್ಮಲ್ಲಿ ಬೇರೂರಿತೆಂಬುದು ಪ್ರತೀತಿ.

ಮಾಡುವ ಬಗೆ ಹೀಗೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರವೆಂಬುದು ರೂಢಿಯ ಲೆಕ್ಕ. ಈ ಮಿಶ್ರಲೋಹವನ್ನು ಕರಗಿಸಿ, ಹರಳೆಣ್ಣೆ ಮತ್ತು ರಾಳ ಬೆರೆಸಿ ಹದಗೊಳಿಸಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರನ್ನು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಗೀಚಿದ ಚಿತ್ರ ಕಣ್ಣಿಗೆ ಕಾಣಬೇಕಷ್ಟೆ. ಆ ಮೇಲೆ ಮೊನಚು ಉಳಿಯಿಂದ ಗೆರೆ ಕೊರೆದು, ಕೊರೆದ ಜಾಗದಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತಾರೆ. ಅಂಟಿಲ್ಲ, ಬೆಸುಗೆಯಿಲ್ಲ; ಕೊರೆದ ಅಂಚಿನ ಹಿಡಿತವೇ ಬೆಳ್ಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಕೊನೆಯ ಹಂತದ್ದೇ ಸೋಜಿಗ. ಬೀದರ ಕೋಟೆಯೊಳಗೆ ಬಿಸಿಲು ಮಳೆಗಳನ್ನು ಕಾಣದೆ ಶತಮಾನಗಳಿಂದ ಬಿದ್ದಿರುವ ಮಣ್ಣನ್ನು ತಂದು, ನವಸಾಗರದೊಡನೆ ನೀರಿನಲ್ಲಿ ಕಲಸಿ ಕಾಯಿಸಿ, ಬಿಸಿಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಸತುವಿನ ಮೈಯೆಲ್ಲ ಕಾಡಿಗೆಯಂತೆ ಕಪ್ಪಾಗುವುದು; ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುವುದು. ಸರಿಯಾದ ಮಣ್ಣು ಯಾವುದೆಂಬುದನ್ನು ಕೆಲವರು ಕುಶಲಕರ್ಮಿಗಳು ನಾಲಿಗೆಯ ಮೇಲಿಟ್ಟು ರುಚಿಯಿಂದಲೇ ಹೇಳುತ್ತಾರೆ.

ರಾಜರ ಕಾಲದಲ್ಲಿ ಹುಕ್ಕಾದ ತಳವನ್ನು, ಸುರಾಹಿಯನ್ನು, ಪಾನ್‌ದಾನವನ್ನು ಮಾಡಿದ ಕೈಗಳಿಗೆ ಆ ಗಿರಾಕಿಗಳು ಮಾಯವಾದರು. ಆಗ ಅದೇ ಕೈಗಳು ಬೂದಿಬಟ್ಟಲು, ಸಿಗರೇಟಿನ ಪೆಟ್ಟಿಗೆ, ಅಂಗಿಯ ಗುಂಡಿ, ಬೆಂಕಿಪೊಟ್ಟಣದ ಕವಚಗಳಿಗೆ ತಿರುಗಿದವು. ನವಾಬರ ಹುಕ್ಕಾದ ಮೇಲೆ ಹಬ್ಬುತ್ತಿದ್ದ ಬಳ್ಳಿಯೇ ಎರಡು ಅಂಗುಲ ಉದ್ದದ ಪೊಟ್ಟಣದ ಮೇಲೆ ಇಳಿದು ಬಂದಿತು. ಇದನ್ನು ಇಳಿಗಾಲವೆಂದು ಕರೆಯುವವರುಂಟು. ನಮಗಾದರೋ ಹಾಗೆ ತೋರುವುದಿಲ್ಲ. ಅರಮನೆಯಲ್ಲಿದ್ದುದು ಗುಮಾಸ್ತನ ಮನೆಯ ಗೂಡಿಗೆ ಬಂದುದು ಈ ಮಾರ್ಗದಿಂದಲೇ.

ಅಂದು ಬೀದರ, ಕಲಬುರ್ಗಿ, ರಾಯಚೂರುಗಳು ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳು. 1956ರ ನವೆಂಬರ್ 1ರವರೆಗೂ ಆ ಸೀಮೆಯವರಿಗೆ ಹೈದರಾಬಾದು ಪರರಾಜ್ಯವಾಗಿರದೆ ರಾಜಧಾನಿಯೇ ಆಗಿತ್ತು. ಬಿದ್ರಿಯೂ ಆ ದಾರಿಯಲ್ಲೇ ಇಲ್ಲಿಗೆ ಬಂದು, ಇಲ್ಲಿಯೂ ಬಿದ್ರಿ ಮಾಡುವ ಕೈಗಳು ತಲೆಯೆತ್ತಿದವು. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಬಿದ್ರಿ ಸಂಗ್ರಹವನ್ನು ನೋಡದ ಓದುಗರು ಒಂದು ರಜೆಯ ದಿನ ಹೋಗಿ ನೋಡಬೇಕು. ನಮ್ಮ ಕಡೆಯ ಮಣ್ಣು ಅಲ್ಲಿ ಎಷ್ಟು ಗೌರವದಿಂದ ಕುಳಿತಿದೆಯೆಂಬುದು ತಿಳಿದೀತು. ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆತುದು ಆ ಊರಿನವರೆಲ್ಲರೂ ಹೆಮ್ಮೆಪಡತಕ್ಕ ಸಂಗತಿ.

ಅಂಗಿಯೊಳಗಿನ ಗಾಯ

ಬೆಳ್ಳಿಯ ಹೂವನ್ನು ಹೊಗಳಿ ಇಲ್ಲಿಗೇ ನಿಲ್ಲಿಸಿದರೆ ಅರ್ಧವನ್ನಷ್ಟೇ ಹೇಳಿದಂತಾಗುವುದು. ಅಂಗಿಯೊಳಗೆ ಕೂರುವ ಕಡ್ಡಿಯನ್ನು ಮಾಡಿದವರು ಯಾರು?

ಬಿಳಿ ರಂಜಕದ ಕಾಲದಲ್ಲಿ ಕಡ್ಡಿ ಕಾರ್ಖಾನೆಗಳಲ್ಲಿ ದುಡಿದವರಿಗೆ ದವಡೆಯ ಮೂಳೆ ಕೊಳೆಯುವ ಭೀಕರ ರೋಗ ತಗಲುತ್ತಿತ್ತು. ಹಲ್ಲುನೋವಿನಿಂದ ಆರಂಭವಾಗಿ ಮುಖವೇ ವಿಕಾರಗೊಳ್ಳುತ್ತಿತ್ತು. ಪ್ರಾಣ ಹೋದವರೂ ಉಂಟು. ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಹೆಂಗಸರ ದುಃಸ್ಥಿತಿಯನ್ನು 1888ರ ಜೂನ್ ತಿಂಗಳಲ್ಲಿ ಪತ್ರಿಕೆಯಲ್ಲಿ ಬರೆದು ಬಯಲಿಗೆಳೆದವರು ಆನಿ ಬೆಸೆಂಟ್. ಮುಂದೆ ಮದರಾಸಿನ ಅಡಯಾರಿನಲ್ಲಿ ನೆಲಸಿ 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ ಅದೇ ಮಹಿಳೆ. ಜುಲೈ ತಿಂಗಳಲ್ಲಿ ಸುಮಾರು 1,400 ಮಂದಿ ಹೆಂಗಸರೂ ಹುಡುಗಿಯರೂ ಕೆಲಸ ನಿಲ್ಲಿಸಿ ಹೊರಬಂದರು. ಕೆಲವೇ ವಾರಗಳಲ್ಲಿ ಮಾಲೀಕರು ಮಣಿದರು. ಅಂದು ಅವರು ಗೆದ್ದುಕೊಂಡವುಗಳಲ್ಲಿ ಒಂದು, ಊಟಕ್ಕೆ ಪ್ರತ್ಯೇಕವಾದ ಕೊಠಡಿ. ಅಲ್ಲಿಯವರೆಗೆ ರಂಜಕದ ಧೂಳು ಬಿದ್ದ ಕೆಲಸದ ಜಾಗದಲ್ಲಿಯೇ ಅವರು ರೊಟ್ಟಿ ತಿನ್ನಬೇಕಾಗಿತ್ತು. ಅಡಿಗೆಮನೆಯ ಹೊಗೆಯಲ್ಲಿ ನಿಂತೇ ಊಟ ಮುಗಿಸುವ ನಮ್ಮ ಹೋಟೆಲು ಕಾರ್ಮಿಕರಿಗೆ ಈ ಗೆಲುವಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1906ರಲ್ಲಿ ಬರ್ನ್ ನಗರದಲ್ಲಿ ಹಲವು ದೇಶಗಳು ಕೂಡಿ ಬಿಳಿ ರಂಜಕದ ಕಡ್ಡಿಯನ್ನು ನಿಷೇಧಿಸುವ ಒಪ್ಪಂದವನ್ನು ಮಾಡಿಕೊಂಡವು. ಭಾರತದಲ್ಲಿ ಅದಕ್ಕೆ 1913ರಲ್ಲಿ ಕಾಯಿದೆ ಬಂದಿತು. ಸ್ವೀಡನ್, ಜಪಾನುಗಳ ಕಡ್ಡಿಗಳು ನಮ್ಮ ದೇವರುಗಳ ಚಿತ್ರವನ್ನು ಹೊತ್ತು ಬರುತ್ತಿದ್ದ ಆ ದಿನಗಳು ಕಳೆದು, 1923ರ ಹೊತ್ತಿಗೆ ಶಿವಕಾಶಿಯಲ್ಲಿ ನಮ್ಮದೇ ಕಡ್ಡಿಯ ಉದ್ಯಮ ಮೊಳೆಯಿತು. ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಎಂಬ ಬಂಧುಗಳಿಬ್ಬರು ಕಲ್ಕತ್ತಾಕ್ಕೆ ಹೋಗಿ ಕೆಲಸ ಕಲಿತು ಬಂದು ಆರಂಭಿಸಿದುದು ಅದು. ಬರಗಾಲದ ನಾಡಿಗೆ ಅನ್ನ ಕೊಟ್ಟ ಉದ್ಯಮವೆಂಬುದು ನಿಜ. ಆದರೆ ಅಲ್ಲಿ ದೀರ್ಘಕಾಲ ಎಳೆಯ ಮಕ್ಕಳ ಬೆರಳುಗಳು ಕಡ್ಡಿಗಳನ್ನು ಜೋಡಿಸಿದವೆಂಬುದೂ ಅಷ್ಟೇ ನಿಜ. 1996ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟು ಅಪಾಯದ ಕೆಲಸಗಳಲ್ಲಿ ಮಕ್ಕಳ ದುಡಿಮೆಯ ವಿರುದ್ಧ ಮಹತ್ವದ ತೀರ್ಪನ್ನಿತ್ತುದು ಶಿವಕಾಶಿಯ ಪ್ರಕರಣದಲ್ಲಿಯೇ.

ಇಷ್ಟೆಲ್ಲ ಕೈಗಳನ್ನು ದಾಟಿ ಬಂದ ಪೊಟ್ಟಣದ ಬೆಲೆ 2007ರಿಂದ ಒಂದು ರೂಪಾಯಿಯಲ್ಲಿಯೇ ನಿಂತಿದ್ದು, 2021ರ ಡಿಸೆಂಬರ್ 1ರಂದು ಎರಡು ರೂಪಾಯಿಗೆ ಏರಿತು. ಹದಿನಾಲ್ಕು ವರ್ಷಗಳಲ್ಲಿ ಒಂದು ಲೋಟ ಕಾಫಿಯ ಬೆಲೆ ಎಷ್ಟು ಸಲ ಏರಿತೆಂಬುದನ್ನು ಗಲ್ಲಾದಲ್ಲಿ ಕೂರುವವರು ಬಲ್ಲರು. ಅಗ್ಗವಾದುದು ಅಲ್ಪವಾದುದೆಂದು ತಿಳಿಯುವುದು ಲೋಕದ ಚಾಳಿ. ಕಡ್ಡಿಗೆ ಬೆಳ್ಳಿಯ ಅಂಗಿ ತೊಡಿಸಿದ ಹಿರಿಯರು ಹಾಗೆ ತಿಳಿದಿರಲಿಲ್ಲ.

ಬೆಂಕಿಗೂ ಒಂದು ನೆಲೆ

ಕುಷಾಯಿಗೂಡದಲ್ಲಿ ಬೆಂಕಿಯ ಮಾತನ್ನು ಹಗುರವಾಗಿ ಆಡುವಂತಿಲ್ಲ. 2023ರ ಏಪ್ರಿಲ್ 16ರ ನಸುಕಿನಲ್ಲಿ ಇಲ್ಲಿಯ ಮರದ ಡಿಪೋ ಒಂದಕ್ಕೆ ಬೆಂಕಿ ಬಿದ್ದು, ಪಕ್ಕದ ಕಟ್ಟಡದಲ್ಲಿದ್ದ ಗಂಡ, ಹೆಂಡತಿ ಮತ್ತು ಅವರ ಮಗು ಪ್ರಾಣ ಕಳೆದುಕೊಂಡರು. ಆ ಅನಾಹುತಕ್ಕೂ ಬೆಂಕಿಕಡ್ಡಿಗೂ ಸಂಬಂಧ ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಇಕ್ಕಟ್ಟಿನ ಮನೆಗಳಲ್ಲಿ, ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಹೋಟೆಲು ಹುಡುಗರ ವಸತಿಗಳಲ್ಲಿ, ಬೆಂಕಿಗೆ ಸಂಬಂಧಿಸಿದ ಪ್ರತಿಯೊಂದಕ್ಕೂ ಗೊತ್ತಾದ ಜಾಗವಿರಬೇಕೆಂಬುದಷ್ಟೇ ನಮ್ಮ ಮಾತು. ಪೊಟ್ಟಣ ಮಕ್ಕಳ ಕೈಗೆ ಎಟುಕದಿರಲಿ, ಒಲೆಯಿಂದಲೂ ಸಿಲಿಂಡರಿನಿಂದಲೂ ದೂರವಿರಲಿ, ತೇವಕ್ಕೆ ಸಿಕ್ಕದಿರಲಿ. ಕತ್ತಲಲ್ಲಿಯೂ ಕೈಯಿಟ್ಟರೆ ಸಿಕ್ಕುವಂತಿರಲಿ. ಇದಕ್ಕೆ ಬಿದ್ರಿಯೇ ಬೇಕೆಂದಿಲ್ಲ. ಗೋಡೆಗೆ ಮೊಳೆ ಹೊಡೆದು ತೂಗಿಸಿದ ತಗಡಿನ ಡಬ್ಬಿಯೂ ಆದೀತು.

ಆದರೆ ಹಿರಿಯರ ಕಾಲದ ಪೆಟ್ಟಿಗೆಗಳಲ್ಲಿ ಇಂಥ ಕಪ್ಪು ವಸ್ತುವೇನಾದರೂ ಸಿಕ್ಕಿದರೆ ತೂಕಕ್ಕೆ ಹಾಕಬೇಡಿರಿ. ಗುಜರಿಯ ತಕ್ಕಡಿಗೆ ಸತುವಿನ ತೂಕ ಗೊತ್ತು. ಕೊರೆದ ಕೈಯ ತೂಕ ಗೊತ್ತಿಲ್ಲ. ಕೊಳೆಯಾಗಿದೆಯೆಂದು ಹುಣಸೆಹಣ್ಣು, ನಿಂಬೆಹುಳಿ, ಬೂದಿಗಳಿಂದ ತಿಕ್ಕಲೂ ಕೂಡದು. ಹಿತ್ತಾಳೆಗೆ ಹೊಳಪು ಕೊಡುವ ಹುಳಿ ಬಿದ್ರಿಯ ಕಪ್ಪನ್ನೇ ತಿಂದುಹಾಕುತ್ತದೆ; ಹೋದ ಕಪ್ಪು ಮನೆಯಲ್ಲಿ ಮರಳಿ ಬರುವುದಿಲ್ಲ. ಮೆತ್ತನೆಯ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು. ಕಪ್ಪು ಮತ್ತಷ್ಟು ಕಪ್ಪಾಗಿ, ಬೆಳ್ಳಿ ತಾನಾಗಿ ಎದ್ದು ಕಾಣುವುದು.

ಆ ಕುಟುಂಬ ಹೊಸ ಮನೆಗೆ ಹೋದ ಮೇಲೆ ನಾವು ಮತ್ತೊಮ್ಮೆ ಅಲ್ಲಿಗೆ ಹೋಗಿದ್ದೆವು. ಸಾಮಾನು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಆದರೆ ದೇವರ ಗೂಡಿನ ಮೇಲ್ಹಲಗೆಯಲ್ಲಿ, ಹುಡುಗನ ಕೈಗೆ ಎಟುಕದ ಎತ್ತರದಲ್ಲಿ, ಮುತ್ಯಾನ ಡಬ್ಬಿ ಕುಳಿತಿತ್ತು. ಸಂಜೆಯ ಹೊತ್ತು, ದೀಪ ಹಚ್ಚಬೇಕಾಗಿತ್ತು. ಮನೆಯಾಕೆ ಅತ್ತ ಇತ್ತ ಹುಡುಕದೆ ನೇರವಾಗಿ ಅಲ್ಲಿಗೆ ಕೈಯೆತ್ತಿ, ಕಡ್ಡಿಯೊಂದನ್ನು ತೆಗೆದು, ಕಿಂಡಿಯಲ್ಲಿ ಇಣುಕುತ್ತಿದ್ದ ಪಟ್ಟಿಗೆ ಗೀರಿದರು.

“ಮುತ್ಯಾ ಹೀಂಗ ಹಚ್ಚತಿದ್ರೇನೋ ರೀ” ಎಂದರು.

ಹಾಗೆಯೇ ಹಚ್ಚುತ್ತಿದ್ದರೆಂದು ನಾವು ಹೇಳಿದೆವು. ಕಿಂಡಿ ಇದ್ದುದು ಅದಕ್ಕಾಗಿಯೇ ಅಲ್ಲವೇ.